ಗೇಟಿನ ನೀಲಿ ವೈರು

ಒಂದೇ ವಾರದಲ್ಲಿ ಇಬ್ಬರು ಮೇಲಧಿಕಾರಿಗಳು ನನ್ನನ್ನು ಕಂಡು ನಕ್ಕರು. ನನಗೆ ಅನುಮಾನ ಶುರುವಾದದ್ದು ಅಲ್ಲಿಂದ.

ನಗುವುದು ಅಪರಾಧವೇನಲ್ಲ, ಒಪ್ಪುತ್ತೇನೆ. ಆದರೆ ಹನ್ನೊಂದು ತಿಂಗಳು ನನ್ನ ನಮಸ್ಕಾರಕ್ಕೆ ತಲೆ ಕೂಡ ಎತ್ತದವರು, ನಾನು ಫಾರಂ ತುಂಬಿಕೊಡಬೇಕಾದ ವಾರದಲ್ಲೇ ಹಲ್ಲು ಬಿಟ್ಟರೆ ಏನೆಂದುಕೊಳ್ಳಬೇಕು? ನಾನು ಬೆಳೆದದ್ದೇ ಅನುಮಾನದ ಮನೆಯಲ್ಲಿ. ಅಮ್ಮ ಹಾಲಿನ ಪ್ಯಾಕೆಟ್ಟಿನ ತಾರೀಖನ್ನು ಅಂಗಡಿಯಲ್ಲೊಮ್ಮೆ ಓದುತ್ತಾಳೆ, ಮನೆಗೆ ಬಂದು ಇನ್ನೊಮ್ಮೆ ಓದುತ್ತಾಳೆ, ದಾರಿಯಲ್ಲಿ ಯಾರಾದರೂ ಅಳಿಸಿ ಬರೆದಿದ್ದರೆ ಎಂದು. ನಾನು ಅವಳ ಮಗಳು. ಲಿಫ್ಟಿನೊಳಗೆ ಕಾಲಿಡುವ ಮುಂಚೆ ನೆಲ ಇದೆಯೇ ಎಂದು ನೋಡುವವಳು.

ಫಾರಂ ವಿಷಯ ಹೇಳಿಬಿಡುತ್ತೇನೆ. ನಮ್ಮದು ಅಡುಗೆಮನೆಯ ಯಂತ್ರಗಳನ್ನು ತಯಾರಿಸುವ ಕಂಪನಿ. ಮುಖ್ಯ ಕಟ್ಟಡದ ನೆಲಮಹಡಿಯಲ್ಲಿ ಉತ್ಪನ್ನ ವಿನ್ಯಾಸದ ವಿಭಾಗ, ಹಿಂದಿನ ಶೆಡ್ಡಿನಲ್ಲಿ ನಾಲ್ಕು ವರ್ಷದಿಂದ ರೋಬೋಟ್ ವಿಭಾಗ. ಹೊಸದಾಗಿ ಸೇರಿದ ಹಾರ್ಡ್‌ವೇರ್ ಎಂಜಿನಿಯರುಗಳು ಮೊದಲ ವರ್ಷ ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ದುಡಿದು, ಕೊನೆಗೆ ಎರಡರಲ್ಲಿ ಒಂದನ್ನು ಬರೆದುಕೊಡಬೇಕು. ಶುಕ್ರವಾರ ಸಂಜೆ ನಾಲ್ಕಕ್ಕೆ ಗಡುವು. ಹೊಸಬರು ನಾವು ನಾಲ್ವರು. ವಿನ್ಯಾಸದಲ್ಲಿ ಬೇಕಾದಷ್ಟು ಜಾಗವಿತ್ತು, ಶೆಡ್ಡಿನಲ್ಲಿ ಇದ್ದದ್ದು ಒಂದೇ ಸೀಟು.

ಆ ಒಂದು ಸೀಟು ನನಗೆ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಯಾರಿಗೂ ಹೇಳದೆ ಬಚ್ಚಿಟ್ಟುಕೊಳ್ಳುವಷ್ಟು.

ಕಾರಣ ಅಪ್ಪನ ಎಡಗೈ. ಅದರಲ್ಲಿ ಎರಡು ಬೆರಳಿಲ್ಲ. ನಾನು ಮೂರು ವರ್ಷದವಳಿದ್ದಾಗ ತಗಡು ಒತ್ತುವ ಪ್ರೆಸ್ಸಿನಲ್ಲಿ ಹೋದವು. ಆ ಪ್ರೆಸ್ಸಿನ ಮುಂದೆ ಜಾಲರಿಯ ಬಾಗಿಲೊಂದಿತ್ತು, ಅದು ಮುಚ್ಚಿದ್ದರೆ ಮಾತ್ರ ಪ್ರೆಸ್ಸು ಕೆಳಗಿಳಿಯಬೇಕು. ಯಾರೋ ಬಾಗಿಲಿನ ಸ್ವಿಚ್ಚನ್ನು ಕಬ್ಬಿಣದ ತಂತಿಯಿಂದ ಒತ್ತಿ ಕಟ್ಟಿದ್ದರು. ಬಾಗಿಲು ತೆರೆದೇ ಇದ್ದರೂ ಮುಚ್ಚಿದೆ ಎಂದೇ ಪ್ರೆಸ್ಸು ನಂಬಿತು. ಆ 'ಯಾರೋ' ಮೇಸ್ತ್ರಿಯೇ ಎಂಬುದರಲ್ಲಿ ಅಮ್ಮನಿಗೆ ಎಳ್ಳಷ್ಟೂ ಸಂದೇಹವಿಲ್ಲ. "ಬೇಗ ಬೇಗ ಮಾಲು ಇಳಿಸ್ಬೇಕು ಅಂತ ಅವನೇ ಕಟ್ಟಿದ್ದು" ಎನ್ನುವುದನ್ನು ನಾನು ತಾಯಿನುಡಿಯ ಜೊತೆಗೇ ಕಲಿತೆ. ವಿಚಾರಣೆಯಲ್ಲಿ ಏನೂ ಸಾಬೀತಾಗಲಿಲ್ಲ. ಆದರೂ ಮೇಸ್ತ್ರಿಯನ್ನು ಗೋದಾಮಿಗೆ ಎತ್ತಿಹಾಕಿದರಂತೆ. ಈಗಲೂ ಅವರ ಮನೆ ನಮ್ಮ ಮನೆಯಿಂದ ಎರಡು ಬೀದಿ ಆಚೆ. ಅವರು ಎದುರಾದರೆ ಅಮ್ಮ ಮುಖ ತಿರುಗಿಸಿ ರಸ್ತೆ ದಾಟುತ್ತಾಳೆ. ಈ ಮಾತು ಬಂದಾಗಲೆಲ್ಲ ಅಪ್ಪ ಎದ್ದು ಹೋಗಿ ಬಚ್ಚಲಿನ ನಲ್ಲಿ ಸರಿಯಾಗಿ ನಿಲ್ಲಿಸಿದೆಯೇ ಎಂದು ನೋಡಿ ಬರುತ್ತಾನೆ.

ಹಾಗಾಗಿ ಯಂತ್ರದೊಳಗೆ ಮನುಷ್ಯರ ಕೈ ಹೋಗಲೇಬಾರದು, ಯಂತ್ರದ ಕೈಯೇ ಹೋಗಬೇಕು ಎಂಬುದು ನನ್ನ ಹಳೆಯ ಹಟ. ಶೆಡ್ಡಿನಲ್ಲಿದ್ದ ರೋಬೋಟು ಮಾಡುತ್ತಿದ್ದದ್ದು ಅದನ್ನೇ. ಹೆಗಲು, ಮೊಣಕೈ, ಮಣಿಕಟ್ಟು ಎಲ್ಲ ಇದ್ದ, ಆಳೆತ್ತರದ ಒಂದೇ ಒಂದು ಕೈ ಅದು. ಸುತ್ತ ಜಾಲರಿಯ ಬೇಲಿ, ಬೇಲಿಗೊಂದು ಗೇಟು. ಗೇಟು ತೆರೆದ ಕ್ಷಣ ಕೈ ನಿಂತುಬಿಡಬೇಕು, ಅದು ನಿಯಮ.

ಸೋಮವಾರ ಮೊದಲು ನಕ್ಕವರು ಶೆಡ್ಡಿನ ಮುಖ್ಯಸ್ಥರು. ನಾವೆಲ್ಲ ಬೆನ್ನ ಹಿಂದೆ ಅವರನ್ನು ಸೊನ್ನೆ ಸಾರ್ ಎನ್ನುತ್ತೇವೆ. ದಿನಾ ಬೆಳಿಗ್ಗೆ ರೋಬೋಟಿನ ಕೈಯನ್ನು ತಾವೇ ಅದರ ಸೊನ್ನೆಯ ಜಾಗಕ್ಕೆ, ಎಲ್ಲ ಅಳತೆ ಶುರುವಾಗುವ ಜಾಗಕ್ಕೆ, ತಂದು ನಿಲ್ಲಿಸುವವರೆಗೆ ಅವರು ಯಾರ ಜೊತೆಯೂ ಮಾತಾಡುವುದಿಲ್ಲ.

"ಸೀಟು ನಿಮ್ಮದೇ ಅಂತ ಇಟ್ಕೊಳ್ಳಿ. ನೀವು ಬರೆದುಕೊಡಿ ಸಾಕು," ಎಂದರು. ನನಗೆ ಹಾಲು ಕುಡಿದಷ್ಟು ಸಂತೋಷವಾಗಬೇಕಿತ್ತು. ಅಷ್ಟರಲ್ಲಿ ಅವರೇ ಮುಂದುವರಿಸಿದರು. "ಮುಂದಿನ ಸೋಮವಾರ ದೊಡ್ಡ ಗಿರಾಕಿ ಬರ್ತಾರೆ, ಡೆಮೊ ಇದೆ. ಸುರಕ್ಷತೆ ಪರೀಕ್ಷೆ ಹಾಳೆಗೆ ಈ ಸಲ ನೀವೇ ಸಹಿ ಹಾಕ್ಬಿಡಿ."

ನನ್ನ ಕಿವಿ ನೆಟ್ಟಗಾಯಿತು. ಸೀಟು ಕೊಡುವ ಮಾತಿನ ಬಾಲಕ್ಕೆ ಸಹಿ ಏಕೆ ಕಟ್ಟಿಕೊಂಡಿದೆ?

ಮಧ್ಯಾಹ್ನ ವಿನ್ಯಾಸದ ಮುಖ್ಯಸ್ಥೆ ಕರೆಸಿದರು. ಅವರು ಅಂಚು ಮೇಡಂ. ಕೈಗೆ ಸಿಕ್ಕ ಯಾವುದರ ಅಂಚನ್ನೂ ಹೆಬ್ಬೆರಳಿನಿಂದ ಸವರಿ ನೋಡದೆ ಬಿಡುವವರಲ್ಲ, ಚಹಾದ ಲೋಟವಾದರೂ ಸರಿ, ಮೇಜಿನ ಮೂಲೆಯಾದರೂ ಸರಿ. ಬಳಸುವವರ ಬೆರಳಿಗೆ ನಮ್ಮ ಕೆಲಸ ಗೊತ್ತೇ ಆಗಬಾರದು ಎಂಬುದು ಅವರ ಮಂತ್ರ. ಆರು ತಿಂಗಳು ಅವರ ಕೈಕೆಳಗೆ ನಾನು ಕಲಿತದ್ದು ಇಷ್ಟು: ಕತ್ತರಿಸಿದ ವೈರಿನ ತುದಿ ಬರಿದಾಗಿ ಕಾಣಬಾರದು. ಅದಕ್ಕೆ ಸ್ಲೀವು ಎಂಬ ಸಣ್ಣ ಪ್ಲಾಸ್ಟಿಕ್ ಕೊಳವೆ ತೊಡಿಸಿ, ಬಿಸಿ ಗಾಳಿ ಬಿಟ್ಟು ಬಿಗಿ ಮಾಡಿ, ಒಳಮುಖವಾಗಿ ಮಡಚಿ, ಪಕ್ಕದ ವೈರುಗಳ ಬಣ್ಣಕ್ಕೆ ಹೊಂದಿಸಿ, ಅದು ಅಲ್ಲಿ ಇಲ್ಲವೇ ಇಲ್ಲ ಎನಿಸುವಂತೆ ಮಾಡಬೇಕು.

"ಶೆಡ್ಡಿಗೆ ಹೋದ್ರೆ ನಿನ್ನ ಕೈ ಹಾಳಾಗುತ್ತಮ್ಮಾ. ಯೋಚನೆ ಮಾಡಿ ಬರಿ," ಎಂದು ಅವರೂ ನಕ್ಕರು. ತಮ್ಮ ಸ್ವಂತದ ಅಳತೆ ಕ್ಯಾಲಿಪರನ್ನು ಪೆಟ್ಟಿಗೆಯ ಸಮೇತ ನನ್ನ ಕೈಗಿಟ್ಟು, ವಾಪಸು ಯಾವಾಗ ಕೊಡಬೇಕೆಂದು ಹೇಳಲೇ ಇಲ್ಲ. ಬೆಣ್ಣೆ ಹಚ್ಚುವುದಕ್ಕೂ ಒಂದು ಮಿತಿ ಬೇಡವೇ? ಶೆಡ್ಡಿನಲ್ಲಿ ಏನೋ ಹುಳುಕಿದೆ, ಇವರಿಗೆ ಅದು ಗೊತ್ತಿದೆ, ಹೇಳಲಾರದೆ ಸುತ್ತಿಬಳಸಿ ಎಚ್ಚರಿಸುತ್ತಿದ್ದಾರೆ ಎಂದು ನಾನು ಲೆಕ್ಕ ಹಾಕಿದೆ.

ಆ ಹುಳುಕು ಮಂಗಳವಾರ ನನ್ನ ಕಣ್ಣಿಗೇ ಬಿತ್ತು.

ಎಲ್ಲರೂ ಚಹಾಕ್ಕೆ ಹೋಗಿದ್ದರು. ಶೆಡ್ಡಿನಲ್ಲಿ ಉಳಿದವರು ನಾನು ಮತ್ತು ಹೌದಪ್ಪ. ಹೌದಪ್ಪ ನನಗಿಂತ ಒಂದು ವರ್ಷ ಮೊದಲು ಸೇರಿ ಶೆಡ್ಡಿನಲ್ಲೇ ನೆಲೆಯಾದವನು. ಯಾರು ಏನು ಹೇಳಿದರೂ ಹೌದು ಎನ್ನುವುದರಿಂದ ಆ ಹೆಸರು. ಕೈ ನಿಧಾನದ ಓಟದಲ್ಲಿ ಪೆಟ್ಟಿಗೆಗಳನ್ನು ಆಚೆಯಿಂದ ಈಚೆ ಇಡುತ್ತಿತ್ತು. ಒಂದು ಪೆಟ್ಟಿಗೆ ಜಾರಿ ಬಿತ್ತು. ಹೌದಪ್ಪ ಗೇಟು ತೆರೆದು ಒಳಗೆ ಹೋಗಿ ಬಗ್ಗಿದ. ಗೇಟಿನ ಸ್ವಿಚ್ಚಿನ ಮೇಲಿನ ಪುಟ್ಟ ದೀಪ ಹಸಿರಿನಿಂದ ಕೆಂಪಾಯಿತು. ಆದರೆ ಕೈ ನಿಲ್ಲಲಿಲ್ಲ. ಅವನ ಬೆನ್ನ ಮೇಲೆ ಒಂದು ಗೇಣು ಎತ್ತರದಲ್ಲಿ ಅದು ಸದ್ದಿಲ್ಲದೆ ಹಾದುಹೋಯಿತು.

ನಾನು ಓಡಿಹೋಗಿ ತುರ್ತು ನಿಲುಗಡೆಯ ದಪ್ಪ ಗುಂಡಿಯನ್ನು ಗುದ್ದಿದೆ. ಕೈ ನಿಂತಿತು. ಹೌದಪ್ಪ ಪೆಟ್ಟಿಗೆ ಹಿಡಿದು ಎದ್ದುನಿಂತ.

"ಏನಾಯ್ತು?"

"ಬೇರಿಂಗಲ್ಲಿ ಏನೋ ಸದ್ದು," ಎಂದೆ. ಯಾರ ಕೆಲಸ ಎಂದು ತಿಳಿಯುವವರೆಗೆ ಯಾರಿಗೂ ನಿಜ ಹೇಳುವ ಹಾಗಿರಲಿಲ್ಲ.

"ಹೌದಾ? ಹೌದು ಹೌದು, ನಂಗೂ ಕೇಳಿಸ್ತು," ಎಂದ ಮಹರಾಯ.

ಅಲ್ಲಿರುವವರೆಲ್ಲ ರೂಢಿಯಿಂದ ಮೊದಲು ಪ್ರೋಗ್ರಾಂ ನಿಲ್ಲಿಸಿ ಆಮೇಲೆ ಗೇಟು ತೆರೆಯುತ್ತಾರೆ. ಹಾಗಾಗಿ ಗೇಟು ತನ್ನ ಕೆಲಸ ಮಾಡುತ್ತಿಲ್ಲ ಎಂದು ಯಾರಿಗೂ ಗೊತ್ತಾಗಿರಲಿಲ್ಲ. ಹೌದಪ್ಪ ಆ ದಿನ ಮರೆತಿದ್ದ. ನಾನು ಕೈಗೆ 'ಕೆಟ್ಟಿದೆ, ಚಲಾಯಿಸಬೇಡಿ' ಎಂಬ ಹಳದಿ ಚೀಟಿ ನೇತುಹಾಕಿ, ಅವನೂ ಚಹಾಕ್ಕೆ ಹೋದ ಮೇಲೆ ಗೋಡೆಯ ಪ್ಯಾನೆಲ್ ತೆರೆದೆ. ನೂರಾರು ನೀಲಿ ವೈರುಗಳ ನಡುವೆ ಹೆಬ್ಬೆರಳುದ್ದದ ಇನ್ನೊಂದು ನೀಲಿ ವೈರು. ಗೇಟಿನ ಸ್ವಿಚ್ಚಿನ ಎರಡು ಟರ್ಮಿನಲ್‌ಗಳನ್ನು ಅದು ಒಂದಕ್ಕೊಂದು ಜೋಡಿಸಿತ್ತು. ಗೇಟು ತೆರೆದರೂ ಒಂದೇ, ಮುಚ್ಚಿದರೂ ಒಂದೇ, ಮುಚ್ಚಿದೆ ಎಂದೇ ಕೈ ನಂಬುತ್ತದೆ.

ಅಪ್ಪನ ಪ್ರೆಸ್ಸಿನ ಕಥೆಯೇ ಇಪ್ಪತ್ತೊಂದು ವರ್ಷ ನಡೆದುಕೊಂಡು ಬಂದು ಈ ಪ್ಯಾನೆಲ್ಲಿನಲ್ಲಿ ಕೂತಿತ್ತು. ಕೂಡಲೇ ಎಲ್ಲ ತಾಳೆಯಾಯಿತು. ಡೆಮೊ ದಿನ ಗಿರಾಕಿ ಗೇಟು ಮುಟ್ಟಿ ಕೈ ನಿಂತುಹೋದರೆ ಅವಮಾನ. ಅದಕ್ಕೆ ಸೊನ್ನೆ ಸಾರ್ ವೈರು ಹಾಕಿಸಿದ್ದಾರೆ. ನಾಳೆ ಯಾರಿಗಾದರೂ ಪೆಟ್ಟಾದರೆ ಹಾಳೆಯ ಮೇಲೆ ಯಾರ ಸಹಿ? ಹೊಸಬಳದ್ದು. ಸೀಟಿನ ಆಸೆ ತೋರಿಸಿ ನನ್ನನ್ನು ಬಲಿ ಕೊಡಲು ಕೂತಿದ್ದಾರೆ. ಫೋಟೋ ತೆಗೆದುಕೊಂಡು ಪ್ಯಾನೆಲ್ ಮುಚ್ಚಿದೆ. ವೈರನ್ನು ಮುಟ್ಟಲಿಲ್ಲ, ಅದು ಸಾಕ್ಷಿ.

ಬುಧವಾರ ಪೂರ್ತಿ ಪತ್ತೇದಾರಿಕೆ. ಪ್ಯಾನೆಲ್ಲಿನ ಪಕ್ಕ ನೇತಾಡುವ ಲಾಗ್ ಪುಸ್ತಕದಲ್ಲಿ ಎಲ್ಲರೂ ಮಾಡಿದ ಕೆಲಸ ಬರೆಯಬೇಕು. ಮೊದಲ ಪುಟದಿಂದ ಕೊನೆಯವರೆಗೆ ಓದಿದೆ. ವೈರಿನ ಸುದ್ದಿಯೇ ಇಲ್ಲ. ಬರೆದಿಲ್ಲವೆಂದರೆ ಕದ್ದು ಹಾಕಿದ್ದಾರೆ ಎಂದೇ ಅರ್ಥ. ಮಧ್ಯಾಹ್ನ ಅಂಚು ಮೇಡಂ ಕೋಣೆಗೆ ಹೋಗಿ, ಎಲ್ಲಿಯದು ಎಂದು ಹೇಳದೆ ಫೋಟೋ ತೋರಿಸಿದೆ.

"ಮೇಡಂ, ಇದನ್ನ ನೋಡಿದ್ರೆ ಏನನ್ಸುತ್ತೆ?"

ಅವರು ಕನ್ನಡಕ ಏರಿಸಿ ಫೋನಿನ ಗಾಜಿನ ಮೇಲೆಯೇ ಹೆಬ್ಬೆರಳಾಡಿಸಿದರು. ನನ್ನನ್ನೊಮ್ಮೆ ನೋಡಿದರು. "ತುದಿ ಚೆನ್ನಾಗಿ ಬಂದಿದೆ," ಎಂದರು. "ಒಳ್ಳೆ ಕೈ."

ಅಷ್ಟೇ. ಆಮೇಲೆ ಬೇರೆ ಮಾತು ತೆಗೆದರು. ನನಗೆ ಮೈಯೆಲ್ಲ ಉರಿಯಿತು. ಒಬ್ಬ ಮನುಷ್ಯನ ಬೆನ್ನ ಮೇಲೆ ಕಬ್ಬಿಣದ ಕೈ ಹಾದುಹೋಗಿದೆ, ಇವರಿಗೆ ತುದಿಯ ಚಂದ! ಇವರೂ ಶಾಮೀಲು ಎಂದು ಮನಸ್ಸಿನಲ್ಲೇ ಪಟ್ಟಿಗೆ ಸೇರಿಸಿದೆ. ಮೇಜಿಗೆ ಹಿಂತಿರುಗಿ ಕಂಪನಿಯ ದೊಡ್ಡವರಿಗೆ ಒಂದು ಪತ್ರ ಬರೆದೆ. ಸೊನ್ನೆ ಸಾರ್ ಮೇಲೆ ನೇರ ಆರೋಪ, ಮೂರು ಪುಟ. ಕಳಿಸುವ ಮುಂಚೆ ಅಪ್ಪನಿಗೊಮ್ಮೆ ತೋರಿಸೋಣವೆಂದು ಮನೆಗೆ ಹೊರಟೆ.

ಅಪ್ಪ ಕೆಟ್ಟ ಇಸ್ತ್ರಿಪೆಟ್ಟಿಗೆಯೊಂದನ್ನು ಬಿಚ್ಚಿ ಕೂತಿದ್ದ. ಅಮ್ಮ ಒಳಗೆ ಅಡುಗೆ ಮಾಡುತ್ತಿದ್ದಳು. ನಾನು ನಡೆದದ್ದನ್ನು ಹೇಳುತ್ತಿದ್ದಂತೆಯೇ ಒಳಗಿಂದ ಅವಳ ಧ್ವನಿ ಬಂತು.

"ಇನ್ನೇನು ಮತ್ತೆ? ಎಲ್ಲಾ ಮೇಸ್ತ್ರಿಗಳೂ ಒಂದೇ. ಆಗ ತಂತಿ, ಈಗ ವೈರು."

ಅಪ್ಪ ನಲ್ಲಿ ನೋಡಲು ಏಳುತ್ತಾನೆಂದುಕೊಂಡೆ. ಏಳಲಿಲ್ಲ. ಪತ್ರವನ್ನು ಪಕ್ಕಕ್ಕಿಟ್ಟು ಫೋಟೋ ಕೇಳಿದ. ದೊಡ್ಡದು ಮಾಡಿ ತುಂಬಾ ಹೊತ್ತು ನೋಡಿದ.

"ಕದ್ದು ಮಾಡೋನಿಗೆ ತುದಿಗೆ ಸ್ಲೀವು ಹಾಕಿ ಮಡಚೋ ತಾಳ್ಮೆ ಇರಲ್ಲ ಮಗಳೇ," ಎಂದ. "ಕದ್ದು ಮಾಡೋನು ಸಿಕ್ಕಿದ್ದನ್ನ ಸುತ್ತಿ ಓಡ್ತಾನೆ. ಇದನ್ನ ಮಾಡಿದೋರು ಕೂತ್ಕೊಂಡು, ಪ್ರೀತಿಯಿಂದ ಮಾಡಿದ್ದಾರೆ."

ಹೌದಲ್ಲ! ಸ್ಲೀವು ತೊಡಿಸಿ ಒಳಮುಖವಾಗಿ ಮಡಚುವುದು ಅಂಚು ಮೇಡಂ ಕಲಿಸುವ ಕೆಲಸ. ಶೆಡ್ಡಿನಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ಹಾಗಾದರೆ ಹಾಕಿದವರು ಮೇಡಂ ಬಳಿ ಕಲಿತವರು. ಶೆಡ್ಡಿನಿಂದ ದಿನಾ ಮಧ್ಯಾಹ್ನ ಮೇಡಂ ಕೋಣೆಗೆ ಹೋಗಿ ಅರ್ಧ ಗಂಟೆ ಕೂತು ಬರುವವನು ಯಾರು? ಹೌದಪ್ಪ. ಪೆಟ್ಟು ತಾನೇ ತಿನ್ನಲಿದ್ದನಲ್ಲ ಎಂಬ ಪ್ರಶ್ನೆ ಬಂತು, ಅದನ್ನು ತಳ್ಳಿಹಾಕಿದೆ. ಹೌದೆನ್ನುವುದೇ ಕಸುಬಾದವನಿಗೆ ಸಾಹೇಬರು ಹಾಕು ಎಂದರೆ ಹಾಕುತ್ತಾನೆ, ಹಾಕಿದ್ದನ್ನು ಮರೆಯುತ್ತಾನೆ. ಪತ್ರದಲ್ಲಿ ಅವನ ಹೆಸರನ್ನೂ ಸೇರಿಸಬೇಕು ಎಂದುಕೊಂಡೆ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಗುರುವಾರ ಬೆಳಿಗ್ಗೆ ಅವನನ್ನು ಸ್ಟೋರ್ ರೂಮಿನ ಹತ್ತಿರ ಹಿಡಿದೆ. ಫೋಟೋ ಮುಖಕ್ಕೆ ಹಿಡಿದು ಕೇಳಿದೆ.

"ಗೇಟಿನ ಸ್ವಿಚ್ಚಿಗೆ ಅಡ್ಡ ವೈರು ಹಾಕಿದ್ದು ನೀನೇ ತಾನೇ?"

"ಇಲ್ಲ," ಎಂದ.

ಅವನ ಬಾಯಿಂದ ಆ ಪದ ಕೇಳಿದ್ದು ಅದೇ ಮೊದಲು.

"ಸುಳ್ಳು ಹೇಳ್ಬೇಡ. ಇದು ಮೇಡಂ ಕಲಿಸಿದ ಕೈ. ನೀನು ದಿನಾ ಅಲ್ಲಿಗೆ ಹೋಗ್ತೀಯ."

"ಅಲ್ಲಿ ಚಹಾ ಚೆನ್ನಾಗಿರುತ್ತೆ ಅಂತ ಹೋಗ್ತೀನಿ," ಎಂದ. ಆಮೇಲೆ ನನ್ನ ತೋಳು ಹಿಡಿದು ತನ್ನ ಮೇಜಿನ ಹತ್ತಿರ ಕರೆದುಕೊಂಡು ಹೋಗಿ ತಾನು ಜೋಡಿಸಿದ ಬೋರ್ಡನ್ನು ತೋರಿಸಿದ. ಕಾಗೆಗೂಡಿನ ಹಾಗಿತ್ತು. "ನನ್ನ ಕೆಲ್ಸ ಇದು. ನಂಗೆ ಜನ್ಮದಲ್ಲಿ ಸ್ಲೀವು ಹಾಕೋಕೆ ಬಂದಿದ್ಯಾ ನೋಡು."

ಬಂದಿರಲಿಲ್ಲ. ಬೋರ್ಡು ನೋಡಿದವರು ಯಾರೇ ಆದರೂ ಅದನ್ನು ಒಪ್ಪಿಕೊಳ್ಳಲೇಬೇಕು. ಅವನು ಫೋಟೋವನ್ನು ಇನ್ನೊಮ್ಮೆ ನೋಡಿದ. ಅವನ ಮುಖ ಹುಳ್ಳಗಾಯಿತು. ಕಪಾಟಿನಿಂದ ಇನ್ನೊಂದು ಲಾಗ್ ಪುಸ್ತಕ ತಂದ. ಹಿಂದಿನದು, ತುಂಬಿಹೋದದ್ದು. ನಾನು ಓದಿದ್ದು ಹೊಸ ಪುಸ್ತಕ, ಅದಕ್ಕೆ ನಾಲ್ಕೇ ತಿಂಗಳು ವಯಸ್ಸು ಎಂಬುದು ಆಗ ಹೊಳೆಯಿತು. ಅವನು ಪುಟ ತಿರುಗಿಸಿ ಬೆರಳಿಟ್ಟ.

'ಗೇಟಿನ ಸ್ವಿಚ್ ಇನ್ನೂ ಬಂದಿಲ್ಲ. ತಾತ್ಕಾಲಿಕವಾಗಿ ವೈರು ಹಾಕಿದೆ. ಸ್ವಿಚ್ ಬಂದ ಮೇಲೆ ತೆಗೆಯಬೇಕು.'

ತಾರೀಖು ನಾನು ಶೆಡ್ಡಿಗೆ ಬಂದ ಮೊದಲ ವಾರದ್ದು. ಅಕ್ಷರ ನನ್ನದು. ಕೆಳಗಿನ ಸಹಿಯೂ ನನ್ನದು.

ನಿಧಾನವಾಗಿ ಎಲ್ಲ ನೆನಪಿಗೆ ಬಂತು. ಆ ವಾರ ದಿನಕ್ಕೆ ನಲವತ್ತು ವೈರು ಹಾಕುತ್ತಿದ್ದೆ. ಶೆಡ್ಡಿನಲ್ಲಿ ತಾತ್ಕಾಲಿಕ ವೈರಿಗೆ ಒಂದು ಪದ್ಧತಿಯಿದೆ. ಅದು ಕೆಂಪಾಗಿರಬೇಕು, ಗೇಣುದ್ದ ಜೋತುಬಿದ್ದಿರಬೇಕು, ಹಾಕಿದವರ ಹೆಸರಿನ ಚೀಟಿ ಅದಕ್ಕೆ ಅಂಟಿರಬೇಕು. ಪ್ಯಾನೆಲ್ ತೆರೆದವರ ಕಣ್ಣಿಗೆ ಚುಚ್ಚಬೇಕು. ಸೊನ್ನೆ ಸಾರ್ ಮೊದಲ ದಿನವೇ ಅದನ್ನು ಹೇಳಿದ್ದರು, ನಾನು ಕೇಳಿಸಿಕೊಂಡಿದ್ದೆ. ಎಂಥ ಅಸಹ್ಯ, ಇವರಿಗೆ ಕೆಲಸದ ಅಚ್ಚುಕಟ್ಟು ಗೊತ್ತಿಲ್ಲ ಎಂದುಕೊಂಡು, ವಿನ್ಯಾಸದಲ್ಲಿ ಕಲಿತ ಹಾಗೆ ನೀಲಿ ವೈರಿಗೆ ಸ್ಲೀವು ತೊಡಿಸಿ, ಮಡಚಿ, ಉಳಿದವುಗಳ ನಡುವೆ ಅಡಗಿಸಿಟ್ಟಿದ್ದೆ. ಅಷ್ಟು ಚೆನ್ನಾಗಿ ಅಡಗಿಸಿದ್ದೆ ಎಂದರೆ ಆಮೇಲೆ ನನಗೇ ಕಾಣಲಿಲ್ಲ. ಸ್ವಿಚ್ ಬಂದಾಗ ನಾನು ಜ್ವರದಿಂದ ಮಲಗಿದ್ದೆ, ಹೌದಪ್ಪ ಕೂರಿಸಿದ, ದೀಪ ಬದಲಾಯಿತು, ಎಲ್ಲರೂ ಸರಿಯಿದೆ ಎಂದರು.

ಎರಡು ದಿನ ಊರಿನವರ ಬೆರಳಚ್ಚು ಹುಡುಕುತ್ತಿದ್ದವಳಿಗೆ ತನ್ನ ಕೈಕೆಲಸದ ಗುರುತು ಸಿಗಲಿಲ್ಲ. ಅಂಚು ಮೇಡಂಗೆ ಸಿಕ್ಕಿತ್ತು. "ಒಳ್ಳೆ ಕೈ" ಎಂದವರು ನನ್ನ ಮುಖ ನೋಡಿದ್ದು ಅದಕ್ಕೇ. ತಾನು ಮಾಡಿದ್ದನ್ನು ಮೆಚ್ಚಿಸಿಕೊಳ್ಳಲು ಬಂದಿದ್ದಾಳೆ ಎಂದುಕೊಂಡಿರಬೇಕು.

"ಬಿಚ್ಚಿಬಿಡು," ಎಂದ ಹೌದಪ್ಪ ಮೆಲ್ಲಗೆ. "ಎರಡು ನಿಮಿಷದ ಕೆಲ್ಸ. ಹಳೇ ಪುಸ್ತಕ ಯಾರೂ ನೋಡಲ್ಲ. ಸಾರ್‌ಗೆ ಗೊತ್ತಾದ್ರೆ ಸೀಟು ಹೋಗುತ್ತೆ. ನಾನಂತೂ ಬಾಯಿ ಬಿಡಲ್ಲ."

ಆ ಹೊತ್ತಿನಲ್ಲೂ ನನಗೆ ಬಂದ ಮೊದಲ ಯೋಚನೆ ಏನು ಗೊತ್ತೇ? ಇವನು ಇಷ್ಟು ಒಳ್ಳೆಯವನಾಗುತ್ತಿರುವುದು ಏಕೆ, ಮುಂದೆ ಇದನ್ನೇ ಹಿಡಿದು ನನ್ನನ್ನು ಆಡಿಸಲಿಕ್ಕೋ ಎಂದು. ನನ್ನ ಬಗ್ಗೆ ನನಗೆ ಅಸಹ್ಯವಾಯಿತು. ನನ್ನಿಂದ ಸಾಯಲಿದ್ದವನು ಅವನು. ಆದರೂ ನಾನು ಪ್ಯಾನೆಲ್ಲಿನ ಹತ್ತಿರ ಹೋಗಲಿಲ್ಲ, ಸೊನ್ನೆ ಸಾರ್ ಹತ್ತಿರವೂ ಹೋಗಲಿಲ್ಲ. ಹಳದಿ ಚೀಟಿ ಇನ್ನೂ ಇದೆಯೇ ಎಂದು ಸಂಜೆಯವರೆಗೆ ಹತ್ತು ಸಲ ನೋಡಿ ಮನೆಗೆ ಬಂದೆ.

ಅಪ್ಪ ಇಸ್ತ್ರಿಪೆಟ್ಟಿಗೆ ಜೋಡಿಸಿ ಮುಗಿಸಿದ್ದ.

"ಪತ್ರ ಕಳಿಸಿದ್ಯಾ?"

"ಇಲ್ಲ. ಅಪ್ಪಾ, ಆ ವೈರು ನಂದೇ."

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ, ಹೌದಪ್ಪನ ಬೆನ್ನು, ಹಳೇ ಪುಸ್ತಕ, ಎರಡು ನಿಮಿಷದ ಕೆಲಸ. ಹೇಳಿ ಮುಗಿಸಿ, "ಬಿಚ್ಚಿಬಿಟ್ರೆ ಯಾರಿಗೂ ಗೊತ್ತಾಗಲ್ಲ," ಎಂದೆ. ಅವನು ಬೇಡ ಎನ್ನಲಿ ಎಂದು ಹೇಳಿದೆನೋ, ಹೂಂ ಎನ್ನಲಿ ಎಂದು ಹೇಳಿದೆನೋ ನನಗೆ ಈಗಲೂ ಗೊತ್ತಿಲ್ಲ.

ಅಪ್ಪ ಬಚ್ಚಲಿನ ಕಡೆ ನೋಡಿದ. ಆಮೇಲೆ ತನ್ನ ಎಡಗೈಯನ್ನು ಮೊಣಕಾಲ ಮೇಲೆ ಹರಡಿಟ್ಟುಕೊಂಡ.

"ಪ್ರೆಸ್ಸಿನ ಸ್ವಿಚ್ಚಿಗೆ ತಂತಿ ಕಟ್ಟಿದ್ದು ನಾನು," ಎಂದ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

"ಯಾರೂ ಹೇಳಲಿಲ್ಲ, ಯಾರೂ ಕಟ್ಟಿಸಲಿಲ್ಲ. ಪ್ರತಿ ಸಲ ಬಾಗಿಲು ತೆಗೆಯೋದು, ಮುಚ್ಚೋದು, ತೆಗೆಯೋದು, ಮುಚ್ಚೋದು. ಬೇಜಾರಾಗಿತ್ತು, ಅಷ್ಟೇ. ಊಟಕ್ಕೆ ಮುಂಚೆ ಬಿಚ್ಚೋಣ ಅಂತ ಇದ್ದೆ. ಆಸ್ಪತ್ರೇಲಿ ಕೇಳಿದಾಗ ಗೊತ್ತಿಲ್ಲ ಅಂದೆ. ಮಾರನೇ ದಿನ ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ಎಲ್ರೂ ಮೇಸ್ತ್ರಿ ಹೆಸರು ಹೇಳ್ತಾ ಇದ್ರು. ಆಮೇಲೆ ಹೇಳೋಕೆ ಬಾಯೇ ಬರಲಿಲ್ಲ."

ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತಳು. ಇಪ್ಪತ್ತೊಂದು ವರ್ಷ ತಪ್ಪದೆ ಮೇಸ್ತ್ರಿಗೆ ಶಾಪ ಹಾಕಿದವಳು. ಈಗ ಮನೆ ಹಾರಿಹೋಗುತ್ತದೆ ಎಂದುಕೊಂಡೆ.

"ಗೊತ್ತು," ಎಂದಳು ಅಮ್ಮ.

ಅಪ್ಪ ತಲೆಯೆತ್ತಿದ.

"ಉಳಿದ ತಂತಿ ನಿಮ್ಮ ಅಂಗಿ ಜೇಬಲ್ಲೇ ಇತ್ತು. ರಕ್ತದ ಅಂಗಿ ಒಗೆದೋಳು ನಾನಲ್ವಾ?" ಎಂದಳು. "ನೀವೇ ಕಟ್ಟಿದ್ದು ಅಂತ ಗೊತ್ತಾಗಿದ್ರೆ ಕೆಲಸದಿಂದ ತೆಗೀತಿದ್ರು. ಕೈ ಹೋದೋರನ್ನ ಬೇರೆ ಯಾರು ತಗೋತಿದ್ರು? ಅದಕ್ಕೆ ಮೊದಲು ಮೇಸ್ತ್ರಿ ಹೆಸರು ತೆಗೆದಿದ್ದೇ ನಾನು. ಆಮೇಲೆ ನಿಲ್ಲಿಸೋಕಾಗಲಿಲ್ಲ. ಪಾಪ, ಆ ಮನುಷ್ಯ ಎದುರಿಗೆ ಬಂದ್ರೆ ಮುಖ ನೋಡೋಕಾಗ್ದೆ ರಸ್ತೆ ದಾಟ್ತೀನಿ."

ಜಗತ್ತಿನಲ್ಲಿ ನಾನು ಅನುಮಾನಿಸದೆ ಬಿಟ್ಟವರು ಇವರಿಬ್ಬರೇ. ಹಾಲಿನ ತಾರೀಖು ಎರಡು ಸಲ ಓದುವ ಅಮ್ಮನಿಂದ ನಾನು ಅನುಮಾನ ಕಲಿತೆ ಎಂದುಕೊಂಡಿದ್ದೆ, ಆ ಅನುಮಾನದ ಬುಡದಲ್ಲಿ ಅವಳು ಏನನ್ನು ಮುಚ್ಚಿಟ್ಟಿದ್ದಾಳೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಸಿಟ್ಟು ಬಂತು. ಅಳುವೂ ಬಂತು. ಇಬ್ಬರೂ ನನ್ನ ಎದುರು ತಪ್ಪು ಮಾಡಿ ಸಿಕ್ಕಿಬಿದ್ದ ಮಕ್ಕಳ ಹಾಗೆ ಕಂಡರು. ಕೊನೆಗೆ ಅಪ್ಪನೇ ಮಾತಾಡಿದ.

"ಹೇಳೋಕೆ ನಂಗೆ ಒಂದು ದಿನ ಇತ್ತು. ನಿಂಗೆ ನಾಳೆ ನಾಲ್ಕು ಗಂಟೆವರೆಗೂ ಇದೆ."

ಶುಕ್ರವಾರ ಸೊನ್ನೆ ಸಾರ್ ಬೆಳಗಿನ ಸೊನ್ನೆ ಮುಗಿಸುವವರೆಗೂ ಕಾಯಲಿಲ್ಲ. ಹಳದಿ ಚೀಟಿಯನ್ನು ಕೈಯಲ್ಲಿ ಹಿಡಿದು, ಮೂರನೇ ದಿನವೂ ಬೇರಿಂಗಿಗೆ ಏನಾಗಿದೆ ಎಂದು ಅವರು ಹುಡುಕುತ್ತಿದ್ದರು. ನಾನು ಹಳೇ ಲಾಗ್ ಪುಸ್ತಕ ತೆರೆದು ಅವರ ಮುಂದಿಟ್ಟೆ. ಹೌದಪ್ಪನನ್ನೂ ಕರೆದೆ. ಬೇರಿಂಗು ಸರಿಯಿದೆ, ಸುಳ್ಳು ಹೇಳಿದ್ದೆ ಎಂದೆ. ವೈರು ನನ್ನದು ಎಂದೆ. ಮಂಗಳವಾರ ಕೈ ಅವನ ಬೆನ್ನ ಮೇಲೆ ಹಾದುಹೋಯಿತು ಎಂದೆ. ನಿಮ್ಮಿಬ್ಬರ ಮೇಲೂ ಅನುಮಾನಪಟ್ಟೆ, ನಿಮ್ಮ ಮೇಲೆ ಮೂರು ಪುಟ ಬರೆದೆ ಎಂದೂ ಹೇಳಿಬಿಟ್ಟೆ. ಅದನ್ನು ಹೇಳುವ ಅಗತ್ಯವಿರಲಿಲ್ಲವೇನೋ.

ಹೌದಪ್ಪ ತನ್ನ ಬೆನ್ನನ್ನು ಮುಟ್ಟಿ ನೋಡಿಕೊಂಡ. ಅವನಿಗೆ ಅಲ್ಲಿಯವರೆಗೂ ತನ್ನ ತಲೆಯ ಮೇಲೆ ಏನು ಹೋಗಿತ್ತು ಎಂದೇ ಗೊತ್ತಿರಲಿಲ್ಲ.

ಸೊನ್ನೆ ಸಾರ್ ಪ್ಯಾನೆಲ್ ತೆರೆದರು. ವೈರು ಹುಡುಕಲು ಅವರಿಗೆ ಟಾರ್ಚು ಬೇಕಾಯಿತು.

"ಸ್ವಿಚ್ಚು ಬಂದಾಗ ಪರೀಕ್ಷೆ ಮಾಡಿ ಸಹಿ ಹಾಕಿದ್ದು ನಾನು," ಎಂದರು. "ಗೇಟು ತೆಗ್ದೆ, ದೀಪ ನೋಡ್ದೆ. ಕೈ ನಿಂತಿತಾ ಅಂತ ನೋಡಲಿಲ್ಲ." ಟಾರ್ಚು ಆರಿಸಿ ಸೇರಿಸಿದರು. "ಈ ಸಲ ಸಹಿ ನಿಮ್ಮದಿರಲಿ ಅಂದಿದ್ದಕ್ಕೆ ಕಾರಣ ಇದೆ. ನೀವು ಯಾವುದನ್ನೂ ನಂಬಲ್ಲ. ನನಗೆ ದೀಪ ನಂಬೋದು ಅಭ್ಯಾಸ ಆಗೋಗಿದೆ."

ಸೋಮವಾರದ ಡೆಮೊ ಮುಂದಕ್ಕೆ ಹೋಯಿತು. ದೊಡ್ಡವರ ಕೋಣೆಯಲ್ಲಿ ಸೊನ್ನೆ ಸಾರ್ ಒಂದು ಗಂಟೆ ಕೂತು ಬಂದರು. ಬಂದಾಗ ಕಿವಿ ಕೆಂಪಾಗಿತ್ತು.

"ಸೀಟು ಈ ವರ್ಷ ನಿಮಗಿಲ್ಲ," ಎಂದರು, ಮುಖ ನೋಡಿಯೇ. "ವಿನ್ಯಾಸದಲ್ಲಿ ಜಾಗ ಇದೆ, ಮೇಡಂ ಕೈ ಬೀಸಿ ಕರೀತಾ ಇದ್ದಾರೆ. ಅಲ್ಲಿಗೆ ಹೋದ್ರೆ ಒಳ್ಳೇದು. ಅದಿಲ್ಲ, ರೋಬೋಟೇ ಬೇಕು ಅಂತ ಬರೆದ್ರೆ ನಾನು ಕೊಡಬಹುದಾದ ಕೆಲಸ ಒಂದೇ. ಒಂದು ವರ್ಷ ಗೇಟು ಪರೀಕ್ಷೆ. ದಿನಕ್ಕೆ ಇನ್ನೂರು ಸಲ ಗೇಟು ತೆಗೆಯೋದು, ಕೈ ನಿಂತಿತಾ ನೋಡೋದು, ಮುಚ್ಚೋದು, ಬರೆಯೋದು. ಬೇಜಾರಾಗುತ್ತೆ."

ಅಂಚು ಮೇಡಂಗೆ ಕ್ಯಾಲಿಪರ್ ಹಿಂತಿರುಗಿಸಲು ಹೋದೆ. ಅವರು ಪೆಟ್ಟಿಗೆಯ ಅಂಚನ್ನು ಸವರಿ, "ನಿನ್ನ ಇಷ್ಟ," ಎಂದರು. ನಗಲಿಲ್ಲ. ಅವರಿಗೆ ಬೇಜಾರಾಗಿತ್ತು, ನನಗೂ ಆಗಿತ್ತು. ಯಾರ ಕಣ್ಣಿಗೂ ಬೀಳದಂತೆ ಕೆಲಸ ಮಾಡುವುದು ನನಗೆ ಚೆನ್ನಾಗಿ ಬರುತ್ತದೆ, ಅದು ನಮ್ಮ ಮನೆಯಲ್ಲಿ ಎಲ್ಲರಿಗೂ ಬರುತ್ತದೆ. ಇನ್ನು ಸಾಕು ಎನಿಸಿತು. ನಾಲ್ಕಕ್ಕೆ ಐದು ನಿಮಿಷವಿದ್ದಾಗ ಫಾರಂನಲ್ಲಿ ರೋಬೋಟ್ ಎಂದು ಬರೆದುಕೊಟ್ಟೆ.

ಭಾನುವಾರ ಬೆಳಿಗ್ಗೆ ಅಪ್ಪ ಒಗೆದ ಅಂಗಿ ಹಾಕಿಕೊಂಡ. ಬಲತೋಳಿನ ತುದಿಯ ಗುಂಡಿಯನ್ನು ಅಮ್ಮ ಹಾಕಿಕೊಟ್ಟಳು. ಎರಡು ಬೀದಿ ಆಚೆ ಮೇಸ್ತ್ರಿಯ ಮನೆ. ಅವರಿಗೀಗ ಎಂಬತ್ತರ ಹತ್ತಿರ, ಬೆಳಗಿನ ಹೊತ್ತು ಜಗಲಿಯಲ್ಲಿ ಕೂತಿರುತ್ತಾರೆ. ನಾನೂ ಚಪ್ಪಲಿ ಮೆಟ್ಟಿಕೊಂಡೆ.

"ನಾನೂ ಬರ್ತೀನಿ ಅಪ್ಪಾ."

"ಬೇಡ ಮಗಳೇ," ಎಂದ. "ಅದು ನಾನು ಕಟ್ಟಿದ ತಂತಿ."

ಗೇಟು ತೆಗೆದು ಆಚೆ ಹೋಗಿ, ಮುಚ್ಚಿ, ಸರಿಯಾಗಿ ಕೂತಿತೇ ಎಂದು ಒಮ್ಮೆ ಅಲುಗಾಡಿಸಿ ನೋಡಿ ನಡೆದ.